ನಮ್ಮ ಸಭೆಯ ಹಳೆ ಹಾಲ್ ನಿಜವಾಗಿ ಗಾಥಿಕ್ಕಾ? ರಿಪೇರಿ ಮಾಡುವಾಗ ಏನನ್ನು ಮುಟ್ಟಬಾರದು?

ಪ್ರಶ್ನೆ: ನಮ್ಮದು ಬೆಂಗಳೂರು ಕಂಟೋನ್ಮೆಂಟ್ ಕಡೆಯ ಹಳೆ ಕನ್ನಡ ಕ್ರೈಸ್ತ ಸಭೆ. ದೇವಾಲಯದ (ಚರ್ಚಿನ) ಪಕ್ಕದಲ್ಲೇ ಒಂದು ಕಲ್ಲಿನ ಹಾಲ್ ಇದೆ. ಸುಮಾರು 60 ಅಡಿ ಉದ್ದ, 28 ಅಡಿ ಅಗಲ. ಚೂಪು ಕಮಾನಿನ ಕಿಟಕಿಗಳು, ಮರದ ಛಾವಣಿ, ಗೋಡೆಯಿಂದ ಗೋಡೆಗೆ ಕಬ್ಬಿಣದ ಸಲಾಕೆಗಳು, ಹೊರಗಡೆ ಗೋಡೆಗೆ ಅಂಟಿದ ದಪ್ಪ ಕಂಬಗಳು. ಸಂಡೇ ಸ್ಕೂಲ್, ಮದುವೆ ಊಟ, ಕ್ಯಾರಲ್ ಪ್ರಾಕ್ಟೀಸ್ ಎಲ್ಲ ಅಲ್ಲೇ. ಈಗ ಗೋಡೆಯ ಬುಡಕ್ಕೆ ತೇವ ಹತ್ತಿದೆ. ಮಾತಾಡಿದರೆ ದನಿ ಗುಂಯ್‌ಗುಡುತ್ತದೆ. ಕಮಿಟಿಯವರು ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಫಾಲ್ಸ್ ಸೀಲಿಂಗ್, ಪ್ರೊಜೆಕ್ಟರ್ ಪರದೆಗೆ ಅಡ್ಡ ಬರುವ ಎರಡು ಸಲಾಕೆ ಕತ್ತರಿಸುವುದು ಅಂತ ಎಸ್ಟಿಮೇಟ್ ಮಾಡಿಸಿದ್ದಾರೆ. ಇದು ಗಾಥಿಕ್ ಕಟ್ಟಡ ಅನ್ನುತ್ತಾರೆ, ನಿಜವಾ? ಬರೀ ಹಾಲನ್ನು ಯಾಕೆ ಚರ್ಚಿನ ಹಾಗೆ ಕಟ್ಟಿದರು? ಯಾವುದನ್ನು ಉಳಿಸಿಕೊಳ್ಳಲೇಬೇಕು?

ಉತ್ತರ: ಮೊದಲು ಸಲಾಕೆಯ ವಿಷಯ. ಪರದೆಯನ್ನು ಬೇರೆ ಗೋಡೆಗೆ ಹಾಕಿ, ಇಲ್ಲದಿದ್ದರೆ ಒಂದು ದೊಡ್ಡ ಟಿವಿ ತಂದಿಡಿ. ಆ ಸಲಾಕೆಗಳನ್ನು ಮಾತ್ರ ಕತ್ತರಿಸಬೇಡಿ. ಯಾಕೆ ಅಂತ ಗೊತ್ತಾದರೆ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ನೀವು ಕಳಿಸಿದ ಫೋಟೋಗಳಲ್ಲಿ ಛಾವಣಿಯ ಕೆಳಗೆ ನಾಲ್ಕು ಮರದ ಟ್ರಸ್, ಅಂದರೆ ಛಾವಣಿ ಹೊರುವ ಚೌಕಟ್ಟು, ಕಾಣುತ್ತವೆ. ಇಳಿಜಾರಿನ ಎರಡು ತೊಲೆಗಳು ನೆತ್ತಿಯಲ್ಲಿ ಸೇರುತ್ತವೆ. ಅವುಗಳ ಕೆಳಗೆ ಇನ್ನೆರಡು ಮರಗಳು ಒಂದನ್ನೊಂದು ದಾಟಿ ಹೋಗುತ್ತವೆ. ಇದಕ್ಕೆ ಕತ್ತರಿ ಟ್ರಸ್ ಅನ್ನುತ್ತಾರೆ. ಸಾಧಾರಣ ಹೆಂಚಿನ ಕಟ್ಟಡದಲ್ಲಿ ಗೋಡೆಯಿಂದ ಗೋಡೆಗೆ ಒಂದು ಅಡ್ಡ ತೊಲೆ ಇರುತ್ತದೆ. ಹೆಂಚಿನ ಭಾರಕ್ಕೆ ಇಳಿಜಾರು ತೊಲೆಗಳ ಕಾಲು ಹೊರಕ್ಕೆ ಜಾರಲು ನೋಡುತ್ತವೆ, ಅಡ್ಡ ತೊಲೆ ಅವನ್ನು ಎಳೆದು ಹಿಡಿದಿರುತ್ತದೆ. ಗೋಡೆಗೆ ಬೀಳುವುದು ಬರೀ ನೆಟ್ಟಗಿನ ಭಾರ. ಗಾಥಿಕ್ (ಯುರೋಪಿನ ಚೂಪು ಕಮಾನಿನ ಹಳೆ ಶೈಲಿ) ಕಟ್ಟುವವರಿಗೆ ಈ ಅಡ್ಡ ತೊಲೆ ಅಂದರೆ ಆಗದು. ಒಳಗೆ ಬಂದವರ ಕಣ್ಣು ತಡೆಯಿಲ್ಲದೆ ನೆತ್ತಿಯ ತನಕ ಹೋಗಬೇಕು ಅನ್ನೋದು ಅವರ ಆಸೆ. ಹಾಗಾಗಿ ಅದನ್ನು ತೆಗೆದು ಕತ್ತರಿ ಮಾಡಿದರು. ಒಳಗೆ ಎತ್ತರ ಸಿಕ್ಕಿತು, ಆದರೆ ಗೋಡೆಯನ್ನು ಹೊರಕ್ಕೆ ತಳ್ಳುವ ಬಲವೂ ಹುಟ್ಟಿಕೊಂಡಿತು.

ಈ ತಳ್ಳುವಿಕೆಯನ್ನು ತಡೆಯಲು ಎರಡು ದಾರಿ ಇವೆ. ಹೊರಗಡೆಯಿಂದ ಬಟ್ರೆಸ್ ಕಟ್ಟಿ ಒತ್ತಿ ಹಿಡಿಯಬಹುದು. ಒಳಗಡೆ ಕಬ್ಬಿಣದ ಸಲಾಕೆ ಹಾಕಿ ಎರಡು ಗೋಡೆಗಳನ್ನು ಎಳೆದು ಹಿಡಿಯಬಹುದು. ನಿಮ್ಮ ಹಾಲಿನಲ್ಲಿ ಎರಡೂ ಇವೆ. ನೀವು ದಪ್ಪ ಕಂಬ ಅಂದದ್ದೇ ಬಟ್ರೆಸ್.

ಒಂದು ಸಣ್ಣ ಪರೀಕ್ಷೆಯನ್ನು ನೀವೇ ಮಾಡಬಹುದು. ಒಳಗೆ ಟ್ರಸ್‌ನ ಕಾಲು ಗೋಡೆಗೆ ಎಲ್ಲಿ ಕೂತಿದೆ ಅಂತ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಹೊರಗೆ ಹೋಗಿ ಬಟ್ರೆಸ್‌ಗಳ ಜಾಗ ಅಳೆಯಿರಿ. ಎರಡೂ ಒಂದೇ ಗೆರೆಯಲ್ಲಿ ಬಂದರೆ ಬಟ್ರೆಸ್ ನಿಜವಾಗಿ ಕೆಲಸ ಮಾಡುತ್ತಿದೆ. ಬರದಿದ್ದರೆ ಅದು ಸುಮ್ನೆ ಅಂದಕ್ಕೆ ಕಟ್ಟಿದ್ದು. ಬೆಂಗಳೂರಿನಲ್ಲಿ ಎರಡು ಥರದವೂ ಇವೆ. ಫೋಟೋ ನೋಡಿದರೆ ನಿಮ್ಮಲ್ಲಿ ಸುಮಾರು 12 ಅಡಿಗೊಂದರಂತೆ ನಾಲ್ಕು ಟ್ರಸ್, ಹೊರಗೆ ಒಂದೊಂದು ಕಡೆಯೂ ನಾಲ್ಕು ಬಟ್ರೆಸ್. ಲೆಕ್ಕ ಸರಿಹೋಗುತ್ತದೆ. ಕಟ್ಟಿದವರಿಗೆ ತಮ್ಮ ಕೆಲಸ ಗೊತ್ತಿತ್ತು.

ಬಟ್ರೆಸ್‌ನ ಬುಡ ಅಗಲ, ಮೇಲೆ ಹೋದಂತೆ ಕಿರಿದು, ನಡುವೆ ಇಳಿಜಾರು ಮೆಟ್ಟಿಲು ಇವೆ ಅಲ್ವಾ? ಛಾವಣಿಯ ತಳ್ಳುವಿಕೆ ಅಡ್ಡಕ್ಕೆ ಬಂದು, ಗೋಡೆಯ ಭಾರದ ಜೊತೆ ಸೇರಿ, ಓರೆಯಾಗಿ ಕೆಳಕ್ಕೆ ಇಳಿಯುತ್ತದೆ. ಆ ಓರೆ ಗೆರೆ ಕಲ್ಲಿನ ಒಳಗೇ ಉಳಿಯಬೇಕು. ಆದಷ್ಟು ಕಲ್ಲಿನ ದಪ್ಪದ ನಡುವಿನ ಮೂರನೇ ಒಂದು ಭಾಗದಲ್ಲೇ ಇರಬೇಕು ಅನ್ನೋದು ಎಂಜಿನಿಯರುಗಳ ನಿಯಮ. ಕೆಳಗೆ ಹೋದಷ್ಟೂ ಗೆರೆ ಹೊರಕ್ಕೆ ಸರಿಯುವುದರಿಂದ ಬುಡ ಅಗಲವಾಗಿರಬೇಕು. ಇಳಿಜಾರು ಮೆಟ್ಟಿಲು ಮಳೆ ನೀರು ನಿಲ್ಲದಿರಲಿ ಅಂತ. ಬಟ್ರೆಸ್ ತಲೆಯ ಮೇಲೆ ಪುಟ್ಟ ಕಲ್ಲಿನ ಗೋಪುರ ಇದ್ದರೆ ಅದನ್ನೂ ಅಲಂಕಾರ ಅಂತ ತೆಗೆಸಬೇಡಿ. ಅದರ ತೂಕ ಮೇಲಿಂದ ಅದುಮಿ ಆ ಓರೆ ಗೆರೆಯನ್ನು ನೆಟ್ಟಗೆ ಕೆಳಕ್ಕೆ ತಿರುಗಿಸುತ್ತದೆ.

ಸಲಾಕೆಯ ತುದಿ ಹೊರಗೋಡೆಯಲ್ಲಿ ಕಬ್ಬಿಣದ ತಟ್ಟೆಯಾಗಿ ಕಾಣುತ್ತಿದ್ದರೆ ಅದು ಬಹುಶಃ ಆಮೇಲೆ ಹಾಕಿದ್ದು. ಯಾವತ್ತೋ ಗೋಡೆ ವಾಲಲು ಶುರುವಾಗಿ, ಯಾರೋ ಬುದ್ಧಿವಂತ ಮೇಸ್ತ್ರಿ ಬಿಗಿದಿರಬೇಕು. ಟ್ರಸ್‌ನ ಕಾಲಿಗೇ ಬೋಲ್ಟ್ ಹಾಕಿದ್ದರೆ ಮೊದಲಿನಿಂದಲೂ ಇದ್ದದ್ದು ಅಂದುಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಸರಿ, ಈಗ ಅದು ಭಾರ ಹೊತ್ತು ಬಿಗಿದುಕೊಂಡಿದೆ. ಕತ್ತರಿಸಿದ ದಿನ ಏನೂ ಆಗದೆ ಇರಬಹುದು. ಒಂದೆರಡು ಮಳೆಗಾಲ ಕಳೆದ ಮೇಲೆ ಕಿಟಕಿಯ ಕಮಾನಿನ ನೆತ್ತಿಯಲ್ಲಿ ಬಿರುಕು ಕಾಣಿಸುತ್ತದೆ. ಕಮಿಟಿಯವರು ನಂಬದಿದ್ದರೆ ಗೋಡೆಯ ಮೇಲಿನಿಂದ ತೂಗುಗುಂಡು ಬಿಟ್ಟು ತೋರಿಸಿ. ಗೋಡೆ ಹೊರಕ್ಕೆ ವಾಲಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಗಾಥಿಕ್ ಹೌದಾ ಅನ್ನೋ ಪ್ರಶ್ನೆ. ಹೌದು, ಆದರೆ ಸರಿಯಾದ ಹೆಸರು ಗಾಥಿಕ್ ರಿವೈವಲ್, ಅಂದರೆ ಗಾಥಿಕ್ಕಿನ ಮರುಹುಟ್ಟು. ಮೂಲ ಗಾಥಿಕ್ 12ನೇ ಶತಮಾನದ ಫ್ರಾನ್ಸಿನದು. ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್ ಮಠದ ಚರ್ಚಿನ ಪೂರ್ವ ಭಾಗ 1144ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿಂದ ಶುರುವಾದ ಈ ಶೈಲಿ 16ನೇ ಶತಮಾನದ ಹೊತ್ತಿಗೆ ಹಿಂದೆ ಸರಿಯಿತು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕೆಲವು ಶ್ರೀಮಂತರು ಅದನ್ನು ಶೋಕಿಗೆ ಮತ್ತೆ ಎತ್ತಿಕೊಂಡರು. 1834ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡ ಸುಟ್ಟುಹೋಗಿ, ಆರ್ಕಿಟೆಕ್ಟ್‌ಗಳಾದ ಚಾರ್ಲ್ಸ್ ಬ್ಯಾರಿ ಮತ್ತು ಪ್ಯೂಜಿನ್ ಸೇರಿ ಅದನ್ನು ಗಾಥಿಕ್ ರೂಪದಲ್ಲಿ ಕಟ್ಟಿದ ಮೇಲೆ ಅದು ಶೋಕಿಯಾಗಿ ಉಳಿಯಲಿಲ್ಲ, ಸರ್ಕಾರಿ ಗತ್ತು ಬಂತು. ಕಟ್ಟಡದಲ್ಲಿ ಬೇಡದ ವಸ್ತು ಒಂದೂ ಇರಬಾರದು, ಅಲಂಕಾರ ಅನ್ನೋದು ಕಟ್ಟಡದ ಅಗತ್ಯದಿಂದಲೇ ಹುಟ್ಟಬೇಕು ಅಂತ ಪ್ಯೂಜಿನ್ ಹಠ ಹಿಡಿದರು. ನಿಮ್ಮ ಹಾಲಿನಲ್ಲಿ ಟ್ರಸ್‌ಗಳನ್ನು ಮುಚ್ಚದೆ ಬಿಟ್ಟಿದ್ದು ಆ ಹಠದ ಫಲ. ಮರವನ್ನು ಬಚ್ಚಿಡುವುದು ಅವರ ಲೆಕ್ಕದಲ್ಲಿ ಸುಳ್ಳು ಹೇಳಿದ ಹಾಗೆ.

ಒಂದು ಗೊಂದಲ ಬಿಡಿಸಬೇಕು. ಬೆಂಗಳೂರಿನ ಹಳೆ ಚರ್ಚುಗಳೆಲ್ಲ ಗಾಥಿಕ್ ಅಲ್ಲ. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ನೋಡಿ, ಗುಮ್ಮಟ, ದುಂಡು ಕಮಾನು. ಅದೇ ರಸ್ತೆಯ ಆ ತುದಿಯ ಹೋಲಿ ಟ್ರಿನಿಟಿಯಲ್ಲಿ ಕಂಬಸಾಲಿನ ಮುಖಮಂಟಪ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯಕ್ಕೂ ಕಂಬಸಾಲಿನ ಮುಖವೇ. ಇವೆಲ್ಲ ಗ್ರೀಕ್–ರೋಮನ್ ಕಡೆಯ ನೆಂಟರು. ಗಾಥಿಕ್ ನೋಡಬೇಕು ಅಂದರೆ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಗೆ ಹೋಗಿ. ಫಾದರ್ ಕ್ಲೈನರ್ ಕಾಲದಲ್ಲಿ ಕಟ್ಟಿ 1882ರಲ್ಲಿ ಪ್ರತಿಷ್ಠೆಯಾದದ್ದು. ಗೋಪುರವೇ 160 ಅಡಿ. ಅಷ್ಟು ಭಾರಿ ಬೇಡ ಅಂದರೆ ರಿಚ್‌ಮಂಡ್ ಟೌನಿನ ಆಲ್ ಸೇಂಟ್ಸ್ ಇದೆ, 1870ರದ್ದು. ಮದ್ರಾಸಿನಲ್ಲಿ ಹೆಸರು ಮಾಡಿದ ರಾಬರ್ಟ್ ಚಿಸಮ್ ಅದರ ಆರ್ಕಿಟೆಕ್ಟ್. ಹಳ್ಳಿ ಚರ್ಚಿನ ಹಾಗೆ ತಗ್ಗಾಗಿ, ಮರಗಳ ನಡುವೆ ಕೂತಿದೆ. ನನ್ನ ಮಟ್ಟಿಗೆ ಊರಿನಲ್ಲೇ ಅತಿ ಮುದ್ದಾದ ಚರ್ಚ್ ಅದು. ಮತ್ತೆ ಕಾರ್ಪೊರೇಷನ್ ಎದುರಿನ ಹಡ್ಸನ್ ಸ್ಮಾರಕ ದೇವಾಲಯ, 1904ರದ್ದು. ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ (ಮೆಥಡಿಸ್ಟ್ ಪಂಥದ) ಮಿಷನರಿ ಜೋಸಯ್ಯ ಹಡ್ಸನ್ ಹೆಸರಿನದು. ನಿಮ್ಮ ಹಾಲಿಗೆ ಹತ್ತಿರದ ಸಂಬಂಧಿ ಇದೇ: ಬೂದು ಕಲ್ಲು, ಚೂಪು ಕಮಾನು.

ಅಷ್ಟೇ ಯಾಕೆ, ಬಸವನಗುಡಿ, ರಿಚ್‌ಮಂಡ್ ಟೌನ್ ಕಡೆಯ ಹಳೆ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ ನೋಡಿರುತ್ತೀರಿ. ಮಂಕಿ ಟಾಪ್ ಅಂತಾರಲ್ಲ, ಅದು. ಗಾಥಿಕ್ಕಿನ ಗಾಳಿ ಬೀಸಿದ್ದಕ್ಕೆ ಅದೂ ಒಂದು ಗುರುತು.

ಕಮಾನು ಯಾಕೆ ಚೂಪು? ಪ್ರಾರ್ಥನೆಗೆ ಜೋಡಿಸಿದ ಕೈಗಳ ಸಂಕೇತ ಅಂತ ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಾರೆ. ಹೇಳಲಿ, ತಪ್ಪೇನಿಲ್ಲ. ಆದರೆ ಮೇಸ್ತ್ರಿಯ ಕಾರಣ ಬೇರೆ. 4 ಅಡಿ ಅಗಲದ ಕಿಟಕಿಗೆ ದುಂಡು ಕಮಾನು ಹಾಕಿದರೆ ಅದರ ಎತ್ತರ 2 ಅಡಿ. ಜಾಸ್ತಿ ಮಾಡಲು ಆಗದು, ಯಾಕೆಂದರೆ ಅರ್ಧ ವೃತ್ತದ ಎತ್ತರ ಯಾವಾಗಲೂ ಅಗಲದ ಅರ್ಧ. ಚೂಪು ಕಮಾನಿಗೆ ಆ ಕಟ್ಟು ಇಲ್ಲ. ಕಮಾನು ಶುರುವಾಗುವ ಎರಡು ತುದಿಗೆ ಎರಡು ಮೊಳೆ ಹೊಡೆಯಿರಿ. 4 ಅಡಿ ದಾರ ತೆಗೆದುಕೊಂಡು ಒಂದೊಂದು ಮೊಳೆಯಿಂದ ಒಂದೊಂದು ಬಾಗು ಎಳೆಯಿರಿ. ಎರಡೂ ಸೇರುವ ಜಾಗ ಸುಮಾರು ಮೂರೂವರೆ ಅಡಿ ಎತ್ತರದಲ್ಲಿ ಸಿಗುತ್ತದೆ. ಮೊಳೆಗಳನ್ನು ಹೊರಕ್ಕೆ ಸರಿಸಿ ದಾರವನ್ನೂ ಅಷ್ಟೇ ಉದ್ದ ಮಾಡಿದರೆ ಕಮಾನು ಇನ್ನೂ ಚೂಪು, ಒಳಕ್ಕೆ ಸರಿಸಿ ದಾರ ಗಿಡ್ಡ ಮಾಡಿದರೆ ಮೊಂಡು. ಅಗಲ ಬದಲಿಸದೆ ಎತ್ತರ ಬದಲಿಸಬಹುದು. ಇನ್ನೊಂದು ಲಾಭ: ಅಗಲ ಮತ್ತು ಭಾರ ಅಷ್ಟೇ ಇದ್ದು ಕಮಾನಿನ ಎತ್ತರ ಎರಡರಷ್ಟಾದರೆ ಪಕ್ಕಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗೋಡೆ ತೆಳುವಾಗಬಹುದು, ಕಿಟಕಿ ದೊಡ್ಡದಾಗಬಹುದು.

ಹಾಲನ್ನು ಚರ್ಚಿನ ಹಾಗೆ ಕಟ್ಟಿದ್ದು ಯಾಕೆ? ಮಿಷನ್ ಕಾಲದಲ್ಲಿ ಹಾಲ್, ಶಾಲೆ, ಪ್ರಾರ್ಥನೆಯ ಮನೆ ಅಂತ ಈಗಿನಷ್ಟು ಕಟ್ಟುನಿಟ್ಟಾದ ಗಡಿ ಇರಲಿಲ್ಲ. ಒಂದೇ ಸೂರಿನಡಿ ವಾರವಿಡೀ ಪಾಠ, ಭಾನುವಾರ ಆರಾಧನೆ ನಡೆದ ಸಭೆಗಳು ಬೇಕಾದಷ್ಟು. ವೆಸ್ಲಿಯನ್ನರಿಗೆ ಮೊದಮೊದಲು ಗಾಥಿಕ್ ಬಗ್ಗೆ ಅನುಮಾನವೂ ಇತ್ತು. ಅದು ರೋಮಿನವರದ್ದು (ಕ್ಯಾಥೊಲಿಕ್ಕರದ್ದು), ಇಲ್ಲವೇ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ನರದ್ದು ಅಂತ. 1850ರ ಹೊತ್ತಿಗೆ ಅವರ ಪಾದ್ರಿ ಎಫ್.ಜೆ. ಜಾಬ್ಸನ್ ಚಾಪೆಲ್‌ಗೂ ಶಾಲೆಗೂ ಗಾಥಿಕ್ಕೇ ಸರಿ ಅಂತ ವಾದ ಮಾಡಿದರು. ಆಮೇಲೆ ಆ ಹಿಂಜರಿಕೆ ಕರಗುತ್ತಾ ಹೋಯಿತು. ದೇವಾಲಯ ಒಂದು ಥರ, ಪಕ್ಕದ ಹಾಲ್ ಇನ್ನೊಂದು ಥರ ಇದ್ದರೆ ಕಾಂಪೌಂಡ್ ಕೆಟ್ಟು ಕಾಣುತ್ತದೆ ಅನ್ನೋ ಸಾದಾ ಕಾರಣವೂ ಇದ್ದೇ ಇರುತ್ತದೆ.

ನಿಮ್ಮ ಹಾಲಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಿಟಕಿ. ಇಂಗ್ಲೆಂಡಿನ ಗಾಥಿಕ್ ಕಿಟಕಿಯ ತಲೆಯಲ್ಲಿ ಕಲ್ಲಿನ ಜಾಲರಿ ಇರುತ್ತದೆ, ಎಲೆ–ಹೂವಿನ ಹಾಗೆ ಕೊರೆದದ್ದು. ಅಲ್ಲಿನ ಸುಣ್ಣದ ಕಲ್ಲು ಮೆದು, ಉಳಿಗೆ ಬಗ್ಗುತ್ತದೆ. ನಮ್ಮ ಬೆಂಗಳೂರಿನ ಕಲ್ಲು ಬಗ್ಗುವ ಜಾತಿಯದಲ್ಲ. ಲಾಲ್‌ಬಾಗ್ ಬಂಡೆಯೂ ಇದೇ ಜಾತಿ, ಸುಮಾರು 300 ಕೋಟಿ ವರ್ಷ ಹಳೆಯದು. ಚಪ್ಪಡಿ, ಸೈಜುಗಲ್ಲು ಎಷ್ಟು ಬೇಕಾದರೂ ತೆಗೆಯಬಹುದು. ತೆಳುವಾದ ಜಾಲರಿ ಕೊರೆಯುವುದು ಮಾತ್ರ ಕಷ್ಟ. ಬೇಲೂರು–ಹಳೇಬೀಡಿನ ಕುಸುರಿ ಸಾಧ್ಯವಾದದ್ದು ಬಳಪದ ಕಲ್ಲು ಇದ್ದದ್ದರಿಂದ. ಹಾಗಾಗಿ ಇಲ್ಲಿಯವರು ಗೋಡೆಯನ್ನು ಕಲ್ಲಿನಲ್ಲಿ ಎಬ್ಬಿಸಿ, ಕಿಟಕಿಯ ಅಂಚಿಗೆ ಇಟ್ಟಿಗೆ ಇಟ್ಟು, ಗಾರೆಯಲ್ಲಿ ಉಬ್ಬು ಪಟ್ಟಿ ಎಳೆದು, ಜಾಲರಿಯನ್ನು ಮರದಲ್ಲಿ ಮಾಡಿದರು. ನಿಮ್ಮ ಕಿಟಕಿಗಳಲ್ಲಿ ಇರುವುದೂ ಮರದ ಜಾಲರಿಯೇ, ತೇಗದ ಹಾಗೆ ಕಾಣುತ್ತದೆ. ಕೆಳಗಿನ ರೆಕ್ಕೆಗಳು ಪೂರ್ತಿ ತೆರೆಯುತ್ತವೆ. ಮೇಲೆ ಬಿಸಿ ಗಾಳಿ ಹೋಗಲು ಗವಾಕ್ಷಿ ಬೇರೆ. ಚಳಿ ದೇಶದ ಗಾಥಿಕ್ಕಿಗೆ ಈ ಏರ್ಪಾಡು ಬೇಕಿರಲಿಲ್ಲ. ಈ ಮರದ ಕಿಟಕಿಗಳನ್ನು ತೆಗೆದು ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಸುವ ಮಾತು ಎಸ್ಟಿಮೇಟಿನಲ್ಲಿ ಎಲ್ಲಾದರೂ ಅಡಗಿದೆಯಾ ನೋಡಿ. ಇದ್ದರೆ ಈಗಲೇ ಹೊಡೆದುಹಾಕಿ. ಹಾಳಾದ ತುಂಡನ್ನಷ್ಟೇ ಕತ್ತರಿಸಿ ಹೊಸ ಮರ ಸೇರಿಸುವ ಬಡಗಿಗಳು ಈಗಲೂ ಇದ್ದಾರೆ.

ತೇವದ ವಿಷಯಕ್ಕೆ ಬರೋಣ. ದುಡ್ಡು ಪೋಲಾಗುವುದು ಇಲ್ಲೇ. ಆ ಕಾಲದ ಗೋಡೆಗೆ ಸಾಮಾನ್ಯವಾಗಿ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಸ್ವಲ್ಪ ಮೇಲೇರುತ್ತದೆ, ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ನಮ್ಮ ಕಲ್ಲು ನೀರು ಹೀರುವುದು ತೀರಾ ಕಡಿಮೆ. ಹೋಗುವುದು ಬರುವುದು ಎಲ್ಲ ಸಂದಿನ ಗಾರೆಯಲ್ಲೇ. ಅದರ ಮೇಲೆ ಸಿಮೆಂಟ್ ಬಳಿದರೆ ಆವಿ ಹೊರಡುವ ದಾರಿ ಮುಚ್ಚಿತು. ನೀರು ಒಳಗೇ ಇನ್ನೂ ಮೇಲೇರುತ್ತದೆ. ನೀರಿನ ಜೊತೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಉಬ್ಬಿಸಿ ಕೆಡವುತ್ತದೆ. ಮೊದಲು 2 ಅಡಿಗೆ ನಿಂತಿದ್ದ ತೇವ ಆಮೇಲೆ 4 ಅಡಿಗೆ ಕಾಣಿಸಿದರೆ ಆಶ್ಚರ್ಯ ಬೇಡ. ಜೊತೆಗೆ ಕಲ್ಲಿನ ಮುಖವೂ ಹೋಯಿತು. ಸಿಮೆಂಟನ್ನು ಆಮೇಲೆ ಕೀಳಿಸಿದರೆ ಕಲ್ಲಿನ ಅಂಚೂ ಕಿತ್ತುಬರುತ್ತದೆ.

ಫೋಟೋದಲ್ಲಿ ಇನ್ನೊಂದು ಕಂಡೆ. ಹೊರಗಡೆ ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದ್ದೀರಿ, ಅದು ಗೋಡೆಗೆ ತಾಗಿಕೊಂಡಿದೆ, ಒಳಗಿನ ನೆಲಕ್ಕಿಂತ ಎತ್ತರವಾಗಿಯೂ ಇದೆ. ತೇವದ ಮೂಲ ಬಹುಮಟ್ಟಿಗೆ ಅದೇ. ಬೆಂಗಳೂರಿನಲ್ಲಿ ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ಹಳೆ ಕಟ್ಟಡ ಗುಂಡಿಯಲ್ಲಿ ಕೂರುತ್ತದೆ. ಗೋಡೆಯ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಟೈಲ್ಸ್ ಎಬ್ಬಿಸಿ. ಒಳ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗೆ ಬರುವ ತನಕ ಮಣ್ಣು ತೆಗೆಸಿ, ಜಲ್ಲಿ ತುಂಬಿಸಿ, ನೀರು ಹರಿದುಹೋಗುವ ದಾರಿ ಮಾಡಿ. ಪಾಯದ ಕಲ್ಲು ಬಯಲಾಗುವಷ್ಟು ಆಳಕ್ಕೆ ಮಾತ್ರ ಹೋಗಬೇಡಿ. ಹಾಗೇ ಸೂರಿನ ದೋಣಿ, ಪೈಪ್ ಕಸ ಕಟ್ಟಿದೆಯಾ ನೋಡಿ. ಆಮೇಲೆ ಒಂದು ವರ್ಷ ಗೋಡೆಯನ್ನು ಅದರ ಪಾಡಿಗೆ ಒಣಗಲು ಬಿಡಿ. ಅದಾದ ಮೇಲೆ ಸಂದು ಉದುರಿದ ಕಡೆ ಸುಣ್ಣದ ಗಾರೆ ತುಂಬಿಸಿದರೆ ಸಾಕು: ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು, ಅದರಲ್ಲಿ ಸ್ವಲ್ಪ ಭಾಗ ಇಟ್ಟಿಗೆ ಪುಡಿ. ಬೆಲ್ಲ, ಅಳಲೆಕಾಯಿ ನೀರು ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ. ಹಳಬರು ಹಾಕುತ್ತಿದ್ದರು, ಗೊತ್ತಿರುವ ಗಾರೆಯವರು ಸಿಕ್ಕರೆ ಹಾಕಲಿ. ಸುಣ್ಣ ಚೆನ್ನಾಗಿ ನೆನೆದಿರುವುದು ಅದಕ್ಕಿಂತ ಮುಖ್ಯ.

ಸುಣ್ಣದ ಗಾರೆ ಗೋಡೆಯನ್ನು ಎಷ್ಟು ಕಾಲ ಹಿಡಿದು ನಿಲ್ಲಿಸುತ್ತದೆ ಅನ್ನೋದಕ್ಕೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ಸಾಕ್ಷಿ. ಫ್ರೆಂಚ್ ಮಿಷನರಿಗಳು 1860ರಲ್ಲಿ ಕಟ್ಟಿದ ಗಾಥಿಕ್ ಚರ್ಚ್ ಅದು. ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಎಷ್ಟೋ ಮಳೆಗಾಲ ಮುಳುಗಿ ಎದ್ದಿದೆ. ಛಾವಣಿ ಹೋಗಿ ದಶಕಗಳಾದ ಮೇಲೂ ಕಮಾನುಗಳು ನಿಂತಿದ್ದವು. ಈಚೆಗೆ ಒಂದೊಂದೇ ಭಾಗ ಕುಸಿಯುತ್ತಿದೆ. ಗಾಥಿಕ್ಕಿನ ಅಸ್ಥಿಪಂಜರ ಹೇಗಿರುತ್ತದೆ ಅಂತ ಕಮಿಟಿಯವರಿಗೆ ತೋರಿಸಬೇಕು ಅಂದರೆ ನೀರು ಇಳಿದಾಗ ಅಲ್ಲಿಗೆ ಕರೆದುಕೊಂಡು ಹೋಗಿ.

ಫಾಲ್ಸ್ ಸೀಲಿಂಗ್ ಬೇಡ. ಟ್ರಸ್ ಮುಚ್ಚಿಹೋಗುತ್ತದೆ ಅನ್ನೋದು ಒಂದು ಕಾರಣ, ಆದರೆ ಅದೇ ದೊಡ್ಡದಲ್ಲ. ಹೆಂಚು ಒಡೆದು ಸೋರಿದರೂ, ತೊಲೆಗೆ ಗೆದ್ದಲು ಹಿಡಿದರೂ ಕೆಳಗಿರುವವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತೊಲೆ ಟೊಳ್ಳಾಗಿರುತ್ತದೆ. ಮೇಲಿನ ಗವಾಕ್ಷಿಯೂ ಸೀಲಿಂಗಿನ ಆಚೆ ಉಳಿದು, ಬಿಸಿ ಗಾಳಿ ಹೊರಹೋಗದೆ ಏಪ್ರಿಲ್ ತಿಂಗಳಲ್ಲಿ ಏಸಿ ಬೇಕು ಅನ್ನಿಸುತ್ತದೆ. ಇನ್ನು ದನಿ ಗುಂಯ್‌ಗುಡುವುದು. ಅದು ಹಾಲಿನ ಒಳಗಿನ ಗಾತ್ರ ಹೆಚ್ಚಿದಷ್ಟೂ ಹೆಚ್ಚು, ದನಿ ಹೀರುವ ವಸ್ತು ಹೆಚ್ಚಿದಷ್ಟೂ ಕಡಿಮೆ. ಮನುಷ್ಯರ ಮೈ ಬಟ್ಟೆಯೂ ದನಿ ಹೀರುತ್ತದೆ. ಮದುವೆಯ ದಿನ ಹಾಲ್ ತುಂಬಿದಾಗ ಅಷ್ಟೇನೂ ಅನ್ನಿಸದೆ, ಹತ್ತು ಜನರ ಕಮಿಟಿ ಮೀಟಿಂಗಿನಲ್ಲಿ ಒಂದು ಮಾತೂ ಅರ್ಥವಾಗದಿರುವುದು ಅದಕ್ಕೇ. ಹಿಂದಿನ ಗೋಡೆಗೆ ದಪ್ಪ ಪರದೆ, ನೆಲಕ್ಕೆ ತೆಂಗಿನ ನಾರಿನ ಚಾಪೆ, ಟ್ರಸ್‌ಗಳ ನಡುವೆ ಇಳಿಜಾರಿಗೆ ಸರಿಯಾಗಿ ದನಿ ಹೀರುವ ಹಲಗೆ ಹಾಕಿ ನೋಡಿ. ಬೇಡವಾದರೆ ನಾಳೆ ತೆಗೆಯಬಹುದು. ಒಂದು ದೊಡ್ಡ ಸ್ಪೀಕರ್ ಬದಲು ನಾಲ್ಕು ಸಣ್ಣವನ್ನು ಜನರ ಹತ್ತಿರ ಇಟ್ಟರೂ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಕ್ಯಾರಲ್ ಹಾಡುವವರಿಗೆ ಮಾತ್ರ ಆ ಗುಂಯ್ ಬೇಕೇ ಬೇಕು. ಅವರನ್ನೂ ಒಂದು ಮಾತು ಕೇಳಿ.

ಹಾಲಿನ ವಯಸ್ಸು ತಿಳಿಯಬೇಕು ಅಂದರೆ ಕಮಾನಿನ ಆಕಾರ ನಂಬಬೇಡಿ. ಒಂದೇ ಮಾದರಿಯನ್ನು ದಶಕಗಟ್ಟಲೆ ಕಟ್ಟಿದ್ದಾರೆ. ಹೆಂಚಿನ ಹಿಂದೆ 1865 ಅಂತ ಅಚ್ಚು ಕಂಡರೂ ಕುಣಿಯಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಹೆಂಚು ಆಮೇಲೆ ಬದಲಾಗಿಯೂ ಇರುತ್ತದೆ. ಶಂಕುಸ್ಥಾಪನೆಯ ಕಲ್ಲು ಎಲ್ಲಾದರೂ ಸುಣ್ಣದ ಪದರದ ಹಿಂದೆ ಇದೆಯಾ ಹುಡುಕಿ, ಸಭೆಯ ಹಳೆ ಮಿನಿಟ್ಸ್ ಪುಸ್ತಕ ತೆಗೆದು ನೋಡಿ. ಬೆನ್ಸನ್ ಟೌನಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಮಿಷನ್ ಕಾಲದ ಕಾಗದಗಳಿವೆ. ವೆಸ್ಲಿಯನ್ ಮಿಷನ್ನಿನ ಹಳೆ ವರದಿ, ಪತ್ರಗಳು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ರಿಪೇರಿಗೆ ಕೈ ಹಾಕುವ ಮೊದಲು ಹಳೆ ಕಟ್ಟಡ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಘಟಕದವರನ್ನೂ ಒಂದು ಸಲ ಕರೆಸಿ ತೋರಿಸಿ.

ಗಾರೆ ಕೆಲಸವನ್ನು ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಬಿರುಬಿಸಿಲಿನಲ್ಲಿ ಸುಣ್ಣ ಬೇಗ ಒಣಗಿ ಬಿರಿಯುತ್ತದೆ. ಒದ್ದೆ ಗೋಣಿ ಹೊದಿಸಿ ನಿಧಾನಕ್ಕೆ ಗಟ್ಟಿಯಾಗಲು ಬಿಡಬೇಕು. ಬಣ್ಣ ಬೇಕೇ ಬೇಕು ಅಂದರೆ ಒಳಗೋಡೆಯ ಹಳೆ ಗಾರೆಗೆ ಸುಣ್ಣ ಹೊಡೆಸಿ. ಪ್ಲಾಸ್ಟಿಕ್ ಎಮಲ್ಷನ್ ಬೇಡ, ಅದೂ ಆವಿ ಹೋಗುವುದನ್ನು ತಡೆಯುತ್ತದೆ. ಹೊರಗಿನ ಕಲ್ಲಿಗೆ ಬಣ್ಣವೂ ಬೇಡ, ಪಾಲಿಶೂ ಬೇಡ. ನೀರು ಹಾಕಿ ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿಸಿದರೆ ಸಾಕು.